ಸೊನ್ನೆ ತುದಿ ಹಿಡಿದವರು

ಅಣ್ಣ ಆ ರಾತ್ರಿ ಬಾವಿಯ ಕಡೆಯಿಂದಲೇ ಮನೆಗೆ ಹೊರಟಿದ್ದ. ಅಷ್ಟು ಹೊತ್ತಿನಲ್ಲಿ ಬಾವಿ ಹತ್ತಿರ ಯಾಕೆ ಹೋದ ಅಂತ ನೀವು ಕೇಳೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಬೇರೆ ದಾರಿ ಇರಲಿಲ್ಲ. ಬೀದಿಯ ಮುಂಭಾಗದಲ್ಲಿ ಮೂರು ಮನೆ ಕೆಡವಿದ್ದರು. ಇಟ್ಟಿಗೆ, ಬಾಗಿದ ಕಬ್ಬಿಣದ ಸರಳು, ಚೌಕಟ್ಟಿನ ಸಮೇತ ಕಿತ್ತ ಬಾಗಿಲು, ಎಲ್ಲ ರಾಶಿಯಾಗಿ ದಾರಿಗೆ ಅಡ್ಡ ಬಿದ್ದಿತ್ತು. ಬೀದಿದೀಪದ ತಂತಿಯನ್ನೂ ಕತ್ತರಿಸಿದ್ದರು. ಹಾಗಾಗಿ ಎರಡು ತಿಂಗಳಿಂದ ಎಲ್ಲರೂ ಮನೆಗಳ ಹಿಂದೆ, ಬಾವಿ ಪಕ್ಕದಲ್ಲೇ ಓಡಾಡುತ್ತಿದ್ದರು.

ಹತ್ತೂಮುಕ್ಕಾಲು ಆಗಿರಬೇಕು. ಬಾವಿಯ ಬಾಯಿಗೆ ಸಿಮೆಂಟಿನ ಹಲಗೆ ಮುಚ್ಚಿತ್ತು. ಆದರೆ ಒಳಗೆ ನೀರು ಇತ್ತು. ಹಲಗೆಯ ಕೆಳಗೆ ಹನಿ ಬೀಳುವುದು ಕೇಳುತ್ತಿತ್ತು. ತೊಟ್... ಸ್ವಲ್ಪ ಹೊತ್ತು ಬಿಟ್ಟು... ತೊಟ್. ಅಣ್ಣನ ಚಪ್ಪಲಿ ಮರಳಿನ ಮೇಲೆ ಕರಕರ ಅನ್ನುತ್ತಿತ್ತು. ಹೆಗಲಿನ ಚೀಲದಲ್ಲಿ ಅಳತೆ ಟೇಪು, ಅಳತೆ ಪುಸ್ತಕ, ಪೆನ್ಸಿಲ್ಲು, ಟಾರ್ಚು.

ಅಣ್ಣ ಅಂದರೆ ನನ್ನ ಸ್ವಂತ ಅಣ್ಣ ಅಲ್ಲ, ದೊಡ್ಡಮ್ಮನ ಮಗ. ಉದ್ದಕ್ಕೆ, ಸಣ್ಣಗೆ ಇದ್ದಾನೆ. ಮಾಡುವ ಕೆಲಸವೂ ಅಳೆಯುವುದೇ. ಅದಕ್ಕೆ ಮನೆಯಲ್ಲಿ ಅವನನ್ನು ಇಂಚುಪಟ್ಟಿ ಅಂತಲೇ ಕರೆಯುವುದು. ನಾನು ಆ ವಾರ ಪೂರ್ತಿ ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇದರಲ್ಲಿ ಅರ್ಧದಷ್ಟು ನಾನೇ ಕಣ್ಣಾರೆ ನೋಡಿದ್ದು. ಇನ್ನರ್ಧ ಅಣ್ಣನೂ ಆ ಬೀದಿಯ ಟೈಲರ್ ಅಕ್ಕನೂ ಹೇಳಿದ್ದು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಒಂದೇ ಮಾತು ಹೇಳಿದರು.

ಮುಂದೆ ಹೋಗುವ ಮೊದಲು ಅಳೆಯುವ ಕೆಲಸದ ಬಗ್ಗೆ ಸ್ವಲ್ಪ ವಿವರಿಸಬೇಕು. ಬೇಸರ ಮಾಡಿಕೊಳ್ಳಬೇಡಿ. ಇದು ಗೊತ್ತಿಲ್ಲದಿದ್ದರೆ ಆ ರಾತ್ರಿ ನಡೆದದ್ದು ಯಾಕೆ ಹೆದರಿಕೆಯದು ಅಂತ ಅರ್ಥವಾಗುವುದಿಲ್ಲ.

ಜಾಗ ಅಳೆಯಲು ಇಬ್ಬರು ಬೇಕು. ಒಬ್ಬರು ಟೇಪಿನ ಸೊನ್ನೆ ತುದಿ, ಅಂದರೆ ಹಿತ್ತಾಳೆ ಬಳೆ ಇರುವ ತುದಿ, ಹಿಡಿದು ಕೂರುತ್ತಾರೆ. ಇನ್ನೊಬ್ಬರು ಟೇಪು ಬಿಚ್ಚುತ್ತಾ ದೂರ ಹೋಗಿ ಸಂಖ್ಯೆ ಓದುತ್ತಾರೆ. ಬಳೆಯನ್ನು ಸರಿಯಾದ ಜಾಗದಲ್ಲಿಟ್ಟ ಮೇಲೆ ಆ ಕಡೆಯವರು "ಹಿಡಿದೆ" ಅನ್ನಬೇಕು. ಆಮೇಲೆ "ಎಳಿ" ಅನ್ನಬೇಕು. ಆಗ ಈ ಕಡೆಯವರು ಟೇಪನ್ನು ಬಿಗಿಯಾಗಿ ಎಳೆದು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಆ ಕಡೆಯವರು ಅದೇ ಸಂಖ್ಯೆಯನ್ನು ತಿರುಗಿ ಹೇಳುತ್ತಾರೆ. ತಿರುಗಿ ಹೇಳದೆ ಪುಸ್ತಕದಲ್ಲಿ ಬರೆಯುವಂತಿಲ್ಲ. ಇಷ್ಟೇ ಪದ್ಧತಿ. ಇನ್ನೂ ಒಂದು ಮಾತು. ಸೊನ್ನೆ ತುದಿಯಲ್ಲಿ ಕೂತವರು ಏನು ಮಾಡುತ್ತಾರೆ ಅಂತ ಓದುವವನಿಗೆ ಕಾಣುವುದಿಲ್ಲ. ಮಧ್ಯದಲ್ಲಿ ಗೋಡೆ ಇರುತ್ತದೆ, ಮರ ಇರುತ್ತದೆ. ಸುಮ್ಮನೆ ನಂಬಬೇಕು.

ಅಣ್ಣ ಹನ್ನೊಂದು ವರ್ಷ ನಂಬಿದ್ದು ಒಬ್ಬ ಮುದುಕರನ್ನು. ಸೊನ್ನೆ ತಾತ ಅಂತ ಎಲ್ಲರೂ ಕರೆಯುತ್ತಿದ್ದರು. ಓದು ಬರಹ ಇರಲಿಲ್ಲ. ಆದರೆ ಮೂವತ್ತು ವರ್ಷ ಬರೀ ಸೊನ್ನೆ ತುದಿ ಹಿಡಿದವರು. ಬೆನ್ನಿಗೆ, ಅಂಗಿಯ ಕಾಲರಿನ ಒಳಗೆ, ಶಾಲೆ ಮಕ್ಕಳ ಒಂದು ಅಡಿಯ ಮರದ ಸ್ಕೇಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅದು ಬೆನ್ನು ತುರಿಸಿಕೊಳ್ಳಲು ಅಂತ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು.

"ತಾತಾ, ಸ್ವಲ್ಪ ಕೊಡಿ, ನನಗೂ ಕಡಿತಾ ಇದೆ" ಅಂತ ಅಣ್ಣ ಅಂದರೆ, "ನಿಂಗೆ ಇಂಚುಪಟ್ಟಿ ಯಾಕೋ, ನೀನೇ ಒಂದು ಇಂಚುಪಟ್ಟಿ" ಅನ್ನುತ್ತಿದ್ದರಂತೆ.

ತಾತ ತೀರಿಕೊಂಡರು. ಬಾವಿಗೆ ಬಿದ್ದು ಅಂತ ಅಂದುಕೊಳ್ಳಬೇಡಿ, ಹಾಗೇನೂ ಇಲ್ಲ. ಆಸ್ಪತ್ರೆಯಲ್ಲಿ, ನಾಲ್ಕು ದಿನ ಜ್ವರ ಬಂದು, ಹಾಸಿಗೆ ಮೇಲೆ ಹೋದರು. ಅವರು ಹೋದ ಮೇಲೆ ಅಣ್ಣ ಅಳೆದ ಮೊದಲ ಜಾಗ ಈ ಬೀದಿ. ಇನ್ನೊಬ್ಬರನ್ನು ಕೊಡಿ ಅಂತ ಸಾಹೇಬರನ್ನು ಕೇಳಿದ. "ಜನ ಎಲ್ಲಿದಾರಯ್ಯ? ಬಳೆ ಮೇಲೆ ಒಂದು ಇಟ್ಟಿಗೆ ಇಡು, ನೀನೇ ಅಳೆ" ಅಂದರು ಸಾಹೇಬರು. ಟೇಪು ತಾತನದೇ. ಚರ್ಮದ ಡಬ್ಬಿಯ ಹಳೇ ಬಟ್ಟೆ ಟೇಪು. ಮೊದಲ ಒಂದೆರಡು ಅಡಿಯ ಸಂಖ್ಯೆಗಳು ಕೈಯಾಡಿ ಕೈಯಾಡಿ ಅಳಿಸೇ ಹೋಗಿದ್ದವು.

ಇಟ್ಟಿಗೆ ಇಟ್ಟು ಅಣ್ಣ ಏಳೂ ಮನೆ ಅಳೆದ.

ಈಗ ಬೀದಿಯ ವಿಷಯ. ಒಂದೇ ಸಾಲಿನಲ್ಲಿ ಏಳು ಮನೆ. ಎದುರಿಗೆ ಒಂದು ಗೋದಾಮಿನ ಗೋಡೆ. ಬೀದಿಯ ಕೊನೆಯಲ್ಲಿ ಇಪ್ಪತ್ತು ಮಹಡಿಯ ಕಟ್ಟಡ ಏಳುತ್ತಿದೆ, ಅದಕ್ಕೆ ಅಗಲವಾದ ರಸ್ತೆ ಬೇಕಂತೆ. ಗೋದಾಮನ್ನು ಮುಟ್ಟುವ ಹಾಗಿಲ್ಲವಂತೆ. ಯಾಕೆ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಮನೆಗಳನ್ನೇ ಕತ್ತರಿಸಬೇಕು. ಹಿಂದುಗಡೆ, ಬಾವಿಯ ಅಂಚಿನಿಂದ ಏಳೂ ಮನೆಗಳ ಹಿಂದೆ ಉದ್ದಕ್ಕೂ ಒಂದು ಕಲ್ಲಿನ ಸಾಲು ಹೋಗುತ್ತದೆ. ಹಳೇ ನಕ್ಷೆಯಲ್ಲಿ ಇರುವುದು ಅದೊಂದೇ ಗುರುತು. ಆ ಕಲ್ಲಿನಿಂದ ಮುಂದಕ್ಕೆ ಮೂವತ್ತು ಅಡಿ ಅಳೆದು, ಅಲ್ಲಿ ಮನೆಯ ಪಕ್ಕದ ಗೋಡೆಗೆ ಕೆಂಪು ಗೆರೆ ಎಳೆಯಬೇಕು. ಗೆರೆಯ ಆಚೆಗಿನದೆಲ್ಲ ರಸ್ತೆಗೆ. ಈಚೆಗಿನದು ಮನೆಯವರಿಗೆ. ಆದರೆ ಹಿಂದಿನ ಖಾಲಿ ಜಾಗ ಬಿಟ್ಟು, ಈಚೆಗೆ ಉಳಿಯುವ ಮನೆಯ ಉದ್ದ ಹನ್ನೆರಡು ಅಡಿಗಿಂತ ಕಡಿಮೆಯಾದರೆ ಅದು ಮನೆಯೇ ಅಲ್ಲ ಅಂತ ಲೆಕ್ಕ. ಪೂರ್ತಿ ಕೆಡವುತ್ತಾರೆ. ಬದಲಿಗೆ ಊರಾಚೆ, ನಾಲ್ಕನೇ ಮಹಡಿಯಲ್ಲಿ ಒಂದು ಮನೆ ಕೊಡುತ್ತಾರೆ.

ಕೆಲವರಿಗೆ ಅದೇ ಬೇಕಿತ್ತು. ಮೊದಲನೇ ಮನೆಯವರೂ ಮೂರನೇ ಮನೆಯವರೂ ಖುಷಿಯಾಗಿ ಹೋದರು. ಎರಡನೇ ಮನೆ ಇಸ್ತ್ರಿಯವನದು. ಅವನಿಗೆ ಹೋಗಲು ಇಷ್ಟ ಇರಲಿಲ್ಲ. ಹೆಂಡತಿ, ಮೂರು ಮಕ್ಕಳು, ಬಾಗಿಲಲ್ಲೇ ಇಸ್ತ್ರಿ ಮೇಜು. ಅಣ್ಣ ಅಳೆದಾಗ ಅವನ ಮನೆ ಹನ್ನೊಂದು ಅಡಿ ಮೂರು ಇಂಚು ಉಳಿಯಿತು. ಹನ್ನೆರಡು ಇಲ್ಲ. ಅವನು ಜಗಳ ಆಡಲಿಲ್ಲ. ಮೇಜನ್ನು ಗಾಡಿಗೆ ಹಾಕುತ್ತಾ, "ಅಳತೆ ಸರಿಯಾಗಿದ್ರೆ ಸಾಕಪ್ಪಾ, ನಂಗೇನೂ ಬೇಜಾರಿಲ್ಲ" ಅಂದನಂತೆ. ಅಣ್ಣ ತಲೆ ಆಡಿಸಿದನಂತೆ.

ನಾಲ್ಕನೇ ಮನೆ ಟೈಲರ್ ಅಕ್ಕನದು. ಅಕ್ಕ ಜಗಳ ಆಡಿದಳು.

ಅವಳಿಗೆ ಉಳಿದದ್ದು ಹನ್ನೊಂದು ಅಡಿ ನಾಲ್ಕು ಇಂಚು. ಅವಳೂ ಅವಳ ಮಗಳೂ ಇಬ್ಬರೇ ಇರುವ ಮನೆ. ಮುಂದಿನ ಕೋಣೆಯ ಕಿಟಕಿ ಹತ್ತಿರ ಹೊಲಿಗೆ ಯಂತ್ರ. ದಾರಿಯಲ್ಲಿ ಹೋಗುವವರೇ ಅವಳ ಗಿರಾಕಿಗಳು. ಊರಾಚೆ ನಾಲ್ಕನೇ ಮಹಡಿಗೆ ಹತ್ತಿ ಯಾರು ಬಟ್ಟೆ ಹೊಲಿಸುತ್ತಾರೆ? ಕೊನೆ ಮನೆಯ ಅಂಗಡಿಯವನು, ಅವನ ಅಂಗಡಿಗೆ ಅಗಲ ರಸ್ತೆ ಬಂದರೆ ಲಾಭ, ಅವಳನ್ನು ಕೆಣಕಿದ. "ಊರೆಲ್ಲ ಮುಂದೆ ಹೋಗ್ತಿದೆ, ನೀನೊಬ್ಬಳು ಅಡ್ಡ ಕೂತಿದೀಯಲ್ಲ ಅಕ್ಕಾ."

"ಹೋಗ್ಲಿ ಬಿಡು. ನನ್ನ ಹೊಸ್ತಿಲು ತುಳ್ಕೊಂಡೇ ಹೋಗ್ಬೇಕಾ?" ಅಂದಳು ಅಕ್ಕ.

ಅವಳು ತನ್ನ ಹೊಲಿಗೆ ಟೇಪಿನಲ್ಲೇ ಕಲ್ಲಿನಿಂದ ಬೀದಿವರೆಗೆ ಅಳೆದಳು. ಅರವತ್ತು ಇಂಚಿನ ಟೇಪು, ತುಂಡು ತುಂಡಾಗಿ ಅಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೂಡಿದಳು. ಹನ್ನೆರಡು ಅಡಿ ನಾಲ್ಕು ಇಂಚು ಉಳಿಯುತ್ತದೆ ಅಂತ ಬಂತು. ಆಫೀಸಿಗೆ ತಕರಾರು ಅರ್ಜಿ ಬರೆದಳು. ಅಣ್ಣ ನಕ್ಕ. "ಅಕ್ಕಾ, ಅದು ಬಟ್ಟೆ ಅಳೆಯೋ ಟೇಪು. ತುಂಡು ತುಂಡು ಸೇರಿಸಿದ್ರೆ ಎಲ್ಲೋ ಒಂದು ಅಡಿ ತಪ್ಪುತ್ತೆ."

ಅಕ್ಕ ಅವನನ್ನೇ ನೋಡಿದಳಂತೆ. "ನಾನೂ ಅಳತೆಯವಳೇ ಕಣಪ್ಪಾ. ನಾನು ಅರ್ಧ ಇಂಚು ತಪ್ಪಿದ್ರೆ ಹೆಂಗಸರು ಬಟ್ಟೇನ ನನ್ನ ಮುಖಕ್ಕೆ ಎಸೆದು ಹೋಗ್ತಾರೆ. ನಿಂಗೆ ಎಸೆಯೋರು ಯಾರೂ ಇಲ್ಲ. ಅಷ್ಟೇ ವ್ಯತ್ಯಾಸ."

ಆ ಅರ್ಜಿಯ ತೀರ್ಮಾನ ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಇತ್ತು. ಅಣ್ಣ ಅದರ ಕಾಗದಗಳನ್ನು ಸಿದ್ಧಮಾಡಲು ಆಫೀಸಿನಲ್ಲಿ ತಡವಾಗಿ ಕೂತಿದ್ದ. ಅದಕ್ಕೇ ಅಷ್ಟು ಹೊತ್ತಾಗಿತ್ತು. ತೀರ್ಮಾನ ಏನು ಅಂತ ಅವನಿಗೆ ಆಗಲೇ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

ಸರಿ, ಈಗ ಬಾವಿಗೆ ಬರೋಣ.

ತೊಟ್... ತೊಟ್... ಅಣ್ಣ ಬಾವಿ ದಾಟಿದ. ಅಕ್ಕನ ಮನೆಯ ಹಿಂಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಂದ ದೀಪ. ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು.

"ಬಂದ್ಯಾ" ಅಂದಳು ಪಿಸುದನಿಯಲ್ಲಿ. ಮಗಳು ಒಳಗೆ ಮಲಗಿದ್ದಳು, ಅದಕ್ಕೆ ಪಿಸುದನಿ.

"ಇನ್ನೂ ಮಲಗಿಲ್ವಾ ಅಕ್ಕಾ?"

"ನಿಂಗೇ ಕಾಯ್ತಿದ್ದೆ. ಒಂದೇ ಒಂದು ಸಲ... ನನ್ನ ಮುಂದೆ ಅಳೆದು ತೋರಿಸು."

"ಅಕ್ಕಾ, ಈ ಹೊತ್ತಲ್ಲಾ?"

"ನಾಳೆ ಹತ್ತು ಗಂಟೆಗೆ ನೀವೆಲ್ಲ ಸೇರಿ ಬರೆದುಬಿಡ್ತೀರಿ. ಆಮೇಲೆ ಅಳೆಯೋಕೆ ಇಲ್ಲಿ ಏನಿರುತ್ತೆ?"

ಅಣ್ಣನಿಗೆ ಸಿಟ್ಟು ಬಂತಂತೆ. ಪಾಪ ಅಂತಲೂ ಅನಿಸಿತಂತೆ. ಒಮ್ಮೆ ಅಳೆದು ತೋರಿಸಿದರೆ ಇವಳ ಬಾಯಿ ಮುಚ್ಚುತ್ತದೆ ಅಂದುಕೊಂಡ. ಇದು ಅವನೇ ನನಗೆ ಒಪ್ಪಿಕೊಂಡದ್ದು.

"ಒಂದೇ ಸಲ" ಅಂದ.

ಅಕ್ಕ ಹಿಂಬಾಗಿಲು ಹಾಕಿ ಅಗುಳಿ ಜಡಿದಳು. ಖಟ್. ಮನೆಯೊಳಗಿಂದಲೇ ಮುಂದಿನ ಬಾಗಿಲಿಗೆ ಹೋಗಿ, ಕೆಂಪು ಗೆರೆಯ ಹತ್ತಿರ ಟಾರ್ಚು ಹಿಡಿದು ನಿಂತಳು. ಅಂದರೆ ಹಿಂಭಾಗದಲ್ಲಿ ಈಗ ಅಣ್ಣನ ಹೊರತು ಯಾರೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಯಾರೂ ಇರಲಿಲ್ಲ.

ಅಣ್ಣ ಚೀಲವನ್ನೂ ಅಳತೆ ಪುಸ್ತಕವನ್ನೂ ಬಾವಿಯ ಹಲಗೆ ಮೇಲಿಟ್ಟ. ಹಿತ್ತಾಳೆ ಬಳೆಯನ್ನು ಕಲ್ಲಿನ ಅಂಚಿಗೆ ಸರಿಯಾಗಿ ತಾಗಿಸಿದ. ಮೇಲೆ ಒಂದು ಇಟ್ಟಿಗೆ ಇಟ್ಟ. ದಬ್. ಆಮೇಲೆ ಮನೆಯ ಪಕ್ಕದ ಸಂದಿಯಲ್ಲಿ ಟೇಪು ಬಿಚ್ಚುತ್ತಾ ನಡೆದ. ಸಂದಿ ಎಷ್ಟು ಕಿರಿದು ಅಂದರೆ ಎರಡೂ ಭುಜ ಗೋಡೆಗೆ ತಾಗುತ್ತವೆ. ಡಬ್ಬಿಯೊಳಗಿನ ಸುರುಳಿ ತಿರುಗುವ ಸದ್ದು... ಗಿರ್ರ್... ಗಿರ್ರ್...

ಮುಂಭಾಗಕ್ಕೆ ಬಂದ. ಮೆಲ್ಲಗೆ ಎಳೆದ. ಅಕ್ಕ ಟಾರ್ಚಿನ ಬೆಳಕು ಬಿಟ್ಟಳು. ಮೂವತ್ತು ಅಡಿಯ ಗುರುತು ಕೆಂಪು ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಒಂದು ನೂಲಿನಷ್ಟೂ ಆಚೀಚೆ ಇಲ್ಲ.

"ನೋಡಿದ್ಯಾ ಅಕ್ಕಾ" ಅಂದ.

ಅಕ್ಕ ಬಗ್ಗಿ ಟಾರ್ಚನ್ನು ಗುರುತಿನ ಹತ್ತಿರಕ್ಕೆ ತಂದಳು.

ಆಗ ಟೇಪು ಸಡಿಲವಾಯಿತು.

ಅಣ್ಣ ಸಡಿಲ ಬಿಟ್ಟಿರಲಿಲ್ಲ. ಬೆರಳಲ್ಲಿ ಬಿಗಿಯಾಗಿ ಹಿಡಿದೇ ಇದ್ದ. ಆದರೂ ಟೇಪು ಜೋತು ಬಿದ್ದು ನೆಲಕ್ಕೆ ತಾಗಿತು. ಇಲಿಯೋ ಬೆಕ್ಕೋ ಇಟ್ಟಿಗೆ ಉರುಳಿಸಿರಬೇಕು ಅಂದುಕೊಂಡ. ಆದರೆ ಇಟ್ಟಿಗೆ ಉರುಳಿದ ಸದ್ದು ಬರಲಿಲ್ಲ. ಬಂದದ್ದು ಬೇರೆ ಸದ್ದು. ಇಟ್ಟಿಗೆಯನ್ನು ಯಾರೋ ಎತ್ತಿ, ಜೋಪಾನವಾಗಿ, ಪಕ್ಕಕ್ಕೆ ಇಟ್ಟ ಸದ್ದು...

ದಬ್.

ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

ಆಮೇಲೆ... ಟಕ್.

ಕಲ್ಲಿನ ಮೇಲೆ ಮರ ಇಟ್ಟ ಸದ್ದು. ಒಣಗಿದ, ಹಗುರವಾದ, ಚಪ್ಪಟೆ ಮರ.

"ಹಿಡಿದೆ" ಅಂತ ಕೇಳಿಸಿತು. ಸಂದಿಯ ಆ ತುದಿಯಿಂದ. ಮೆಲ್ಲಗೆ. "...ಎಳಿ."

ಅಣ್ಣ ಎಳೆದ. ಹೆದರಿಕೆ ಆಗಲಿಲ್ವಾ ಅಂತ ನಾನು ಕೇಳಿದೆ. ಹೆದರೋಕೆ ಸಮಯವೇ ಸಿಗಲಿಲ್ಲ ಅಂದ. ಹನ್ನೊಂದು ವರ್ಷ ಎಳಿ ಅಂದ ಕೂಡಲೇ ಎಳೆದ ಕೈ. ತಲೆಯನ್ನು ಕೇಳದೆ ಅದೇ ಎಳೆಯಿತು. ಟೇಪು ಬಿಗಿಯಾಯಿತು. ಆ ಕಡೆ ಯಾರೋ ಹಿಡಿದಾಗ ಹೇಗೆ ಇರುತ್ತದೋ ಹಾಗೆ. ಇಟ್ಟಿಗೆಯ ಬಿಗಿ ಬೇರೆ, ಮನುಷ್ಯನ ಬಿಗಿ ಬೇರೆ ಅಂತ ಅಣ್ಣ ಹೇಳುತ್ತಾನೆ. ಮನುಷ್ಯ ಹಿಡಿದರೆ ಟೇಪಿನಲ್ಲಿ ಒಂದು ಸಣ್ಣ ಅದುರು ಇರುತ್ತದಂತೆ, ನಾಡಿಯ ಹಾಗೆ.

ಆ ಅದುರು ಇತ್ತು.

ಅಕ್ಕನ ಟಾರ್ಚು ಗೋಡೆಯ ಮೇಲೆ ಸರಿಯಿತು. ಮೂವತ್ತರ ಗುರುತು ಈಗ ಕೆಂಪು ಗೆರೆಯಿಂದ ಒಂದು ಅಡಿ ಆಚೆಗೆ ಇತ್ತು.

"ಹಿಂದೆ ಯಾರನ್ನ ಕೂರಿಸಿದೀಯ?" ಅಂದಳು ಅಕ್ಕ, ಉಸಿರಿನಲ್ಲೇ.

"ಯಾರನ್ನೂ ಇಲ್ಲ."

"ಮಾತಾಡಿದ್ರಲ್ಲ..."

"ನಿಂಗೂ ಕೇಳಿಸ್ತಾ?"

ಅಕ್ಕ ತಲೆ ಆಡಿಸಿದಳು. ಅಣ್ಣ ಮುಂದೆ ಏನು ಮಾಡಬೇಕು ಅಂತ ಗೊತ್ತಾಗದೆ, ಯಾವಾಗಲೂ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಸಂಖ್ಯೆ ಹೇಳಿದ.

"ಮೂವತ್ತು..."

ಸಂದಿಯ ಕತ್ತಲೆಯಿಂದ ಉತ್ತರ ಬಂತು.

"ಮೂವತ್ತು."

ಸ್ವಲ್ಪ ಕಫ ಕಟ್ಟಿದ ದನಿ. ಕೊನೆಯಲ್ಲಿ ಎಳೆಯುವ ದನಿ. ಅಣ್ಣ ಆ ದನಿಯನ್ನು ಕೊನೇ ಬಾರಿ ಕೇಳಿದ್ದು ಆಸ್ಪತ್ರೆಯಲ್ಲಿ.

"ತಾತಾ?" ಅಂದ.

ತೊಟ್, ಅಂತ ಬಾವಿಯಲ್ಲಿ ಹನಿ ಬಿತ್ತು. ಆಮೇಲೆ ಯಾರೋ ಮಂಡಿ ಹಿಡಿದುಕೊಂಡು ಏಳುವಾಗ ಬಿಡುವ ನಿಟ್ಟುಸಿರು... "ಹ್ಞಾ..." ಕಲ್ಲಿನ ಮೇಲೆ ಕಾಲೆಳೆಯುವ ಸದ್ದು... ಸರ್... ಸರ್...

"ಮುಂದಿನ ಮನೆ" ಅಂದಿತು ದನಿ.

ಅಣ್ಣನ ಕೈಯಿಂದ ಟೇಪಿನ ಡಬ್ಬಿ ಜಾರಿತು. ಜಾರಿ ನೆಲಕ್ಕೆ ಬೀಳಲಿಲ್ಲ ಅಂತ ಅಕ್ಕ ಹೇಳುತ್ತಾಳೆ. ಸಂದಿಯೊಳಕ್ಕೆ ಹೋಯಿತಂತೆ. ಅಣ್ಣ ನೋಡಲು ನಿಲ್ಲಲಿಲ್ಲ. ಇಟ್ಟಿಗೆ ರಾಶಿಯ ಮೇಲೆ ಹತ್ತಿ, ಸರಳಿಗೆ ಕಾಲು ಕೊಯ್ದುಕೊಂಡು, ಎರಡು ಬೀದಿ ಓಡಿ ಮನೆಗೆ ಬಂದ.

ಬಾಗಿಲು ತೆಗೆದದ್ದು ನಾನು. ಗಡಿಯಾರ ನೋಡಿದೆ, ಹನ್ನೊಂದೂಕಾಲು. ಕಾಲಲ್ಲಿ ರಕ್ತ, ಒಂದೇ ಚಪ್ಪಲಿ, ಕೈಯಲ್ಲಿ ಏನೂ ಇಲ್ಲ. ದೊಡ್ಡಮ್ಮ "ಏನಾಯ್ತೋ?" ಅಂತ ಗಾಬರಿಯಾದರು. ಅವನು ಗೋಡೆಗೆ ಒರಗಿ ಕೂತ. ನಾನು ಗಾಯ ತೊಳೆದು ಬಟ್ಟೆ ಕಟ್ಟಿದೆ. ಹೊದಿಕೆ ಹೊದಿಸಿದೆ. ಅವನ ಎದುರೇ ಕೂತೆ. ಹೇಳಿದ. ಎಲ್ಲ ಹೇಳಿದ. ದೊಡ್ಡಮ್ಮ, "ಹಸಿದುಕೊಂಡು ಕೆಲಸ ಮಾಡಿದ್ರೆ ಇನ್ನೇನಾಗುತ್ತೆ" ಅಂತ ಹೇಳಿ ಅಡುಗೆಮನೆಗೆ ಹೋದರು. ಆದರೆ ಅಲ್ಲಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ.

ರಾತ್ರಿ ಮೂರು ಗಂಟೆಯ ಸುಮಾರಿಗೆ ಅಣ್ಣ ಇದ್ದಕ್ಕಿದ್ದಂತೆ ಎದ್ದು ಕೂತ.

"ಆ ಟಕ್..." ಅಂದ.

"ಯಾವ ಟಕ್?"

"ಹಿಡಿದೆ ಅನ್ನೋಕ್ಕಿಂತ ಮುಂಚೆ ಯಾವಾಗ್ಲೂ ಒಂದು ಟಕ್ ಅಂತ ಕೇಳಿಸ್ತಿತ್ತು ಕಣೇ. ಹನ್ನೊಂದು ವರ್ಷ ಕೇಳಿದೀನಿ. ಏನದು ಅಂತ ಒಂದು ದಿನಾನೂ ಕೇಳ್ಲಿಲ್ಲ. ತಾತ ಹೋದ್ಮೇಲೆ ಇಟ್ಟಿಗೆ ಇಟ್ಟು ಅಳೆದೆನಲ್ಲ... ಆಗ ಆ ಟಕ್ ಇರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. "ಸ್ಕೇಲು. ತಾತ ಕಲ್ಲಿಗೂ ಬಳೆಗೂ ಮಧ್ಯ ಸ್ಕೇಲು ಇಡ್ತಿದ್ರು. ಆ ಟೇಪಲ್ಲಿ ಮೊದಲ್ನೇ ಅಡೀನೇ ಇಲ್ಲ."

ನಿಮಗೂ ಬಿಡಿಸಿ ಹೇಳುತ್ತೇನೆ. ಯಾವಾಗಲೋ ಆ ಟೇಪಿನ ತುದಿ ಹರಿದು ಒಂದು ಅಡಿ ಹೋಗಿತ್ತು. ಹೊಸ ಟೇಪು ಕೇಳಿದರೆ ಆಫೀಸಿನವರು ಹಳೆಯದನ್ನೂ ಕಿತ್ತುಕೊಳ್ಳುತ್ತಾರೆ ಅಂತ ತಾತ ಅಂದುಕೊಂಡರೋ ಏನೋ, ಯಾರಿಗೂ ಹೇಳದೆ ಬಳೆಯನ್ನು ಹರಿದ ಜಾಗಕ್ಕೇ ಹೊಲಿದಿದ್ದರು. ಆ ಟೇಪು ಸೊನ್ನೆಯಿಂದ ಶುರುವಾಗುವುದೇ ಇಲ್ಲ, ಒಂದರಿಂದ ಶುರುವಾಗುತ್ತದೆ. ಅದಕ್ಕೆ ತಾತ ಪ್ರತಿ ಸಲ ಒಂದು ಅಡಿಯ ಸ್ಕೇಲನ್ನು ಕಲ್ಲಿಗೆ ತಾಗಿಸಿ ಇಟ್ಟು, ಅದರ ತುದಿಗೆ ಬಳೆ ಹಿಡಿಯುತ್ತಿದ್ದರು. ಅಳತೆ ಸರಿಹೋಗುತ್ತಿತ್ತು. ಅಣ್ಣ ಬಳೆಯನ್ನು ನೇರವಾಗಿ ಕಲ್ಲಿಗೇ ತಾಗಿಸಿದ್ದ. ಮೂವತ್ತು ಅಂತ ಗೆರೆ ಎಳೆದದ್ದೆಲ್ಲ ಇಪ್ಪತ್ತೊಂಬತ್ತಕ್ಕೆ. ಏಳು ಮನೆಯಿಂದಲೂ ಒಂದೊಂದು ಅಡಿ ಜಾಸ್ತಿ ಕಸಿದುಕೊಂಡಿದ್ದ.

ಬೆಳಕು ಹರಿಯುವವರೆಗೂ ನಾವಿಬ್ಬರೂ ಕೂತೇ ಇದ್ದೆವು. "ಹೇಳ್ಬೇಡ, ಕೆಲಸ ಹೋಗುತ್ತೆ" ಅಂತ ದೊಡ್ಡಮ್ಮ ಅಂದರು. ಅವನು ಅಂಗಿ ಹಾಕಿಕೊಂಡು ನೇರ ಸಾಹೇಬರ ಮನೆಗೆ ಹೋದ. ದನಿ ಕೇಳಿದ್ದನ್ನು ಹೇಳಲಿಲ್ಲ. ಅದನ್ನು ಯಾರು ನಂಬುತ್ತಾರೆ? "ಟೇಪು ತಪ್ಪು ಸಾರ್, ನಾನು ನೋಡ್ಲಿಲ್ಲ, ತಪ್ಪು ನಂದೇ" ಅಂದ. ಸಾಹೇಬರು ಬೈದುಕೊಂಡೇ ಹೊಸ ಸ್ಟೀಲ್ ಟೇಪು ತೆಗೆದುಕೊಂಡು ಬಂದರು. ನಾನೂ ಹಿಂದೆಯೇ ಹೋದೆ.

ಅಕ್ಕನ ಮನೆ ಹನ್ನೆರಡು ಅಡಿ ನಾಲ್ಕು ಇಂಚು ಉಳಿಯಿತು. ಸರಿಯಾಗಿ ನಾಲ್ಕು.

ಅಕ್ಕ ಖುಷಿಪಡಲಿಲ್ಲ. ನಿದ್ದೆ ಇಲ್ಲದ ಕಣ್ಣು. ಅಣ್ಣನನ್ನು ಪಕ್ಕಕ್ಕೆ ಕರೆದಳು. ನಾನು ಅಲ್ಲೇ ನಿಂತಿದ್ದೆ.

"ನೀನು ಓಡಿಹೋದೆಯಲ್ಲ" ಅಂದಳು. "ನಾನು ಬಾಗಿಲು ಹಾಕ್ಕೊಂಡು ಮಗಳ ಪಕ್ಕ ಕೂತೆ. ಅದು ನಿಲ್ಲಲಿಲ್ಲ ಕಣಪ್ಪಾ. ಐದನೇ ಮನೆ ಹಿಂದೆ ಟಕ್ ಅಂತು. ಹಿಡಿದೆ... ಎಳಿ... ಆಮೇಲೆ ಆರನೇದು. ಏಳನೇದು. ಆಮೇಲೆ ನನ್ನ ಮನೆ ದಾಟಿ ಆ ಕಡೆಗೆ ಹೋಯ್ತು."

"ಆ ಕಡೆ ಮನೇನೇ ಇಲ್ವಲ್ಲ ಅಕ್ಕಾ."

"ಅದೇ. ಅಲ್ಲೂ ಮೂರು ಸಲ ಆಯ್ತು."

ಅಷ್ಟರಲ್ಲಿ ಸಾಹೇಬರು ಬಾವಿಯ ಹಲಗೆ ಮೇಲಿದ್ದ ಅಳತೆ ಪುಸ್ತಕ ತೆಗೆದು ನೋಡುತ್ತಿದ್ದರು. ಪಕ್ಕದಲ್ಲಿ ಟೇಪು ಪೂರ್ತಿ ಸುತ್ತಿ ಡಬ್ಬಿಯೊಳಗಿತ್ತು. "ಏನಯ್ಯಾ" ಅಂತ ಕೂಗಿದರು. "ರಾತ್ರೀನೇ ಎಲ್ಲಾನೂ ಅಳೆದು ಬರೆದಿದೀಯಲ್ಲ. ಮತ್ತೆ ನನ್ನ ಯಾಕೆ ಬೆಳಗ್ಗೆ ಬೆಳಗ್ಗೆ ಎಬ್ಬಿಸಿದೆ?"

ಹೊಸ ಪುಟದಲ್ಲಿ, ಹಿಂದಿನ ದಿನದ ತಾರೀಖು ಹಾಕಿ, ಏಳು ಮನೆಯ ಅಳತೆ. ಅಕ್ಷರ ಅಣ್ಣನದೇ. ಇನ್ನೂ ಉಳಿದಿದ್ದ ನಾಲ್ಕು ಮನೆಗಳನ್ನೂ ಸಾಹೇಬರು ಸ್ಟೀಲ್ ಟೇಪಿನಲ್ಲಿ ಅಳೆದರು. ಪುಸ್ತಕದಲ್ಲಿದ್ದ ಹಾಗೇ ಬಂತು, ಒಂದು ಇಂಚು ಕೂಡ ಹೆಚ್ಚು ಕಡಿಮೆ ಇಲ್ಲ. ಕೆಡವಿದ ಮೂರನ್ನು ಅಳೆಯಲು ಅಲ್ಲಿ ಏನೂ ಇರಲಿಲ್ಲ. ಆದರೂ ಪುಸ್ತಕದಲ್ಲಿ ಅವುಗಳ ಸಂಖ್ಯೆಯೂ ಇತ್ತು. ಎರಡನೇ ಮನೆ, ಅಂದರೆ ಇಸ್ತ್ರಿಯವನದು, ಹನ್ನೆರಡು ಅಡಿ ಮೂರು ಇಂಚು. ಉಳಿಯಬೇಕಾಗಿದ್ದ ಮನೆ.

ಅಣ್ಣ ಅದೇ ವಾರ ಊರಾಚೆಗೆ ಹೋಗಿ, ನಾಲ್ಕು ಮಹಡಿ ಹತ್ತಿ, ಅವನಿಗೆ ವಿಷಯ ಹೇಳಿದ. ಇಸ್ತ್ರಿಯವನು ಬೈಯಲಿಲ್ಲ. ಯಾರದೋ ಅಂಗಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟವನು, ಬಟ್ಟೆ ಸುಟ್ಟ ವಾಸನೆ ಬರುವವರೆಗೂ ಅದನ್ನು ಎತ್ತಲಿಲ್ಲವಂತೆ. ಅಣ್ಣನ ಕೆಲಸ ಹೋಗಲಿಲ್ಲ, ಆದರೆ ಅಳೆಯುವುದನ್ನು ಬಿಟ್ಟ. ಈಗ ಒಳಗೆ ಕೂತು ಕಾಗದ ಜೋಡಿಸುತ್ತಾನೆ. ಟೈಲರ್ ಅಕ್ಕ ಅದೇ ಕಿಟಕಿಯಲ್ಲಿ ಹೊಲಿಯುತ್ತಾಳೆ. ಮುಂದೆ ಈಗ ದೊಡ್ಡ ರಸ್ತೆ. ರಾತ್ರಿ ಮಾತ್ರ ಹಿಂಬಾಗಿಲು ತೆಗೆಯುವುದಿಲ್ಲ.

ಅಣ್ಣನೇ ಭಯದಲ್ಲಿ ಮೈಮೇಲಿನ ಪರಿವೆ ಇಲ್ಲದೆ ಬರೆದಿರಬೇಕು ಅಂತ ನನ್ನ ಸ್ನೇಹಿತೆಯರು ಹೇಳುತ್ತಾರೆ. ಯಾವಾಗ ಬರೆದ? ಹನ್ನೊಂದೂಕಾಲಿನಿಂದ ಬೆಳಗಿನವರೆಗೆ ಅವನು ನನ್ನ ಎದುರಿಗೇ ಇದ್ದ. ನಾನು ಒಂದು ನಿಮಿಷ ಕಣ್ಣು ಮುಚ್ಚಲಿಲ್ಲ. ಪುಸ್ತಕ ಬಾವಿಯ ಮೇಲಿತ್ತು. ಸುಳ್ಳು ಹೇಳಿ ನನಗೆ ಆಗಬೇಕಾದದ್ದು ಏನೂ ಇಲ್ಲ. ಇದು ನಡೆದದ್ದು.

ಆ ಪುಟವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಪ್ರತಿ ಸಾಲಿನ ಕೊನೆಗೆ ಷರಾ ಅಂತ ಒಂದು ಕಾಲಂ ಇರುತ್ತದೆ. ಅಳೆಯುವಾಗ ಬೀಗ ಹಾಕಿತ್ತು, ನಾಯಿ ಇತ್ತು, ಅಂಥ ಸಣ್ಣಪುಟ್ಟ ವಿಷಯ ಬರೆಯಲು. ಆರು ಮನೆಗಳ ಮುಂದೆ ಅದು ಖಾಲಿ. ಎರಡನೇ ಮನೆಯ ಮುಂದೆ, ಎರಡು ತಿಂಗಳ ಹಿಂದೆಯೇ ನೆಲಸಮವಾದ ಆ ಮನೆಯ ಮುಂದೆ, ಪೆನ್ಸಿಲ್ಲಿನಲ್ಲಿ ಹೀಗೆ ಬರೆದಿದೆ:

"ಮನೆಯವರು ಮಲಗಿದ್ದಾರೆ. ಎಬ್ಬಿಸಲಿಲ್ಲ."